ಡಾರ್ಕಸಜ್ಜಿಯ ಮಂಚ ಮತ್ತು ನಮ್ಮೂರ ಎಲ್ಲೆ

ಪ್ರತಿ ಮೇ ತಿಂಗಳಲ್ಲಿ ನಮ್ಮೂರಿನವರೆಲ್ಲ ಕೋಲು ಹಿಡಿದು, ಪಾದ್ರಿ ಬೆನ್‌ಸ್ಟೆಡ್‌ ಅವರ ಹಿಂದೆ ನಮ್ಮ ಚರ್ಚಿನ ಸರಹದ್ದು ಸುತ್ತುತ್ತೇವೆ. ಎಲ್ಲೆ ಯಾರಿಗೂ ಮರೆಯದಿರಲೆಂದು ಗಡಿಕಲ್ಲು ಕಂಡಲ್ಲೆಲ್ಲ ಕೋಲಿನಿಂದ ಬಾರಿಸುತ್ತೇವೆ. ಊರೋ ಅಂಗೈಯಗಲ, ಆದರೆ ಗಡಿಯ ಮಾತು ಬಂದರೆ ನಾವು ಚಕ್ರವರ್ತಿಗಳು.

ಆ ಗಡಿ ಡಾರ್ಕಸಜ್ಜಿಯ ಅಡುಗೆಮನೆಯೊಳಗೇ ಹಾದುಹೋಗುತ್ತದೆ. ಒಲೆಯ ಕಡೆಯದು ನಮ್ಮದು. ಉಳಿದ ಮನೆಯೆಲ್ಲ ಪಕ್ಕದೂರು ಥ್ರಪ್‌ಲಿಯದು. ಕಿಟಕಿಯಿಂದ ಒಳಗಿಳಿದು, ಗಡಿಯ ಗುರುತಾಗಿ ನೆಲದಲ್ಲಿ ಕೊರೆದ ಶಿಲುಬೆಗೆ ಬಾರಿಸಿ, ಅಜ್ಜಿ ಕೊಟ್ಟ ಸೇಬಿನ ಹೆಂಡ ಕುಡಿದು ಹೊರಬೀಳುವುದು ವಾಡಿಕೆ.

ಆ ವರ್ಷ ಹೆಂಡ ಸಿಗಲಿಲ್ಲ. ಅಜ್ಜಿ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದಳು. ಸ್ಮಶಾನದಲ್ಲಿ ಜಾಗ ಸಾಲದೆಂದು, ನಮ್ಮ ಎಲ್ಲೆಯೊಳಗೆ ಸತ್ತವರಿಗಷ್ಟೇ ಮಣ್ಣು ಎಂದು ಪಾದ್ರಿ ಹೊಸದಾಗಿ ಸಾರಿದ್ದರು.

"ಈ ಕೋಣೇಲಿ ಸತ್ರೆ ಥ್ರಪ್‌ಲಿಯವ್ರು ಹೊತ್ಕೊಂಡು ಹೋಗ್ತಾರೆ ಪಾದ್ರಿಗಳೇ," ಎಂದಳು. "ಅಲ್ಲಿ ನಂಗ್ಯಾರಿದಾರೆ? ನನ್ನ ಗಂಡ ಆಂಬ್ರೋಸ್ ನಿಮ್ಮ ಚರ್ಚಿನ ಹಿಂದೆ ಮಲಗಿದಾನೆ. ಮಂಚಾನ ಒಲೆ ಹತ್ರ ಹಾಕ್ಕೊಡಿ."

ನಾವು ಕೋಲು ಕೆಳಗಿಟ್ಟು ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಆ ಕಬ್ಬಿಣದ ಮಂಚವನ್ನು ಏದುಸಿರು ಬಿಡುತ್ತಾ ಎತ್ತಿ ತಂದೆವು. ಒಲೆಗೂ ಶಿಲುಬೆಗೂ ನಡುವೆ ಮಂಚ ಹಿಡಿಸುವಷ್ಟು ಜಾಗವಿರಲಿಲ್ಲ. ಬಡಗಿ ಜೆತ್ರೋ ತಲೆ ಕೆರೆದುಕೊಂಡ.

"ಅಜ್ಜೀ, ಅರ್ಧ ಥ್ರಪ್‌ಲಿಗೇ ಹೋಯ್ತು. ಕಾಲು ನಮ್ಕಡೆ, ತಲೆ ಅವ್ರ ಕಡೆ."

"ತಿರುಗಿಸಿ ಹಾಕೋ, ಪೆದ್ದ!"

"ಆಗ ಕಾಲು ಅವ್ರದಾಗುತ್ತೆ."

"ಆ ಕಾಲು ತಗೊಂಡು ಏನ್ ಮಾಡ್ತಾರಂತೆ? ಅದು ನೆಟ್ಟಗೆ ನಡೆಯೋದೇ ಇಲ್ಲ!"

ಎಲ್ಲರೂ ನಕ್ಕೆವು. ಅಜ್ಜಿಯೂ ನಕ್ಕಳು, ಆಮೇಲೆ ಜೆತ್ರೋನ ತೋಳು ಹಿಡಿದುಕೊಂಡಳು. "ನಾನು ಅವ್ನ ಹತ್ರ ಪೂರ್ತಿ ಹೋಗ್ಬೇಕು ಕಣ್ರೋ. ಅರ್ಧ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅಡುಗೆಮನೆಯಲ್ಲಿ ಗಡಿ ಎಳೆದವನು ಯಾವ ಅಮಲಿನಲ್ಲಿದ್ದನೋ! ನಿಯಮ ಮಾಡಿದ ಈ ಪಾದ್ರಿಯನ್ನೂ ನಾಲ್ಕು ಮಾತು ಬಯ್ಯೋಣವೆಂದು ತಿರುಗಿದೆ. ಅವರು ನೆಲದ ಶಿಲುಬೆಯನ್ನೇ ನೋಡುತ್ತಾ ನಿಂತಿದ್ದರು. ನಂತರ ಅದನ್ನು ದಾಟಿ, ಮಂಚವನ್ನೂ ದಾಟಿ, ಆಚೆ ಗೋಡೆಗೆ ಸುಣ್ಣ ಉದುರುವಂತೆ ಕೋಲು ಬೀಸಿದರು.

"ಯಾಕ್ರಪ್ಪಾ ಸುಮ್ನೆ ನಿಂತ್ರಿ? ಬಾರಿಸಿ. ಇದೇ ನಮ್ಮ ಗಡಿ."

ಬಾರಿಸಿದೆವು. ನನ್ನ ಕೋಲಂತೂ ಮುರಿದೇ ಹೋಯಿತು.

ಸೇಬು ಕೀಳುವ ಕಾಲಕ್ಕೆ ಅಜ್ಜಿ ಅದೇ ಮಂಚದಲ್ಲಿ ಕಣ್ಣು ಮುಚ್ಚಿದಳು. ಆಂಬ್ರೋಸನ ಪಕ್ಕದಲ್ಲೇ ಮಣ್ಣು ಮಾಡಿದೆವು. ಥ್ರಪ್‌ಲಿಯವರಿಗೂ ವಿಷಯ ಗೊತ್ತಿತ್ತು. ಆದರೂ ಬಂದು ಹೂವಿಟ್ಟು ಹೋದರು.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ, ಮಂಚವೂ ಇಲ್ಲ. ಆದರೂ ಪ್ರತಿ ಮೇ ತಿಂಗಳು ಕಿಟಕಿಯಿಂದ ಇಳಿದವರು ಆ ಖಾಲಿ ಜಾಗವನ್ನು ತುಳಿಯದೆ, ಸುತ್ತು ಹಾಕಿ ಹೋಗಿ ಆಚೆ ಗೋಡೆಗೇ ಬಾರಿಸುತ್ತೇವೆ.