ಬಲೆಯ ಗೋಡೆ

ಒರೇಲಿಯ ಮನೆ ಹದಿನಾರು ಕಂಬಗಳ ಮೇಲೆ, ನೆಲದಿಂದ ಹನ್ನೊಂದು ಅಡಿ ಎತ್ತರದಲ್ಲಿತ್ತು. ಹಿಂದಿನ ದೊಡ್ಡ ಬಿರುಗಾಳಿಯ ನಂತರ ಗಂಡ ಯುಲೀಸ್ ಸರ್ಕಾರದ ನೆರವು, ಬ್ಯಾಂಕಿನ ಸಾಲ ಎರಡನ್ನೂ ಸೇರಿಸಿ ಅದನ್ನು ಜಾಕ್ ಹಾಕಿಸಿ ಎತ್ತಿಸಿದ್ದ. ಸಮುದ್ರಕ್ಕೆ ಸೇರುವ ಜೌಗು ಹೊಳೆ ಪೆತಿ ಬಾಯೂವಿನ ದಡದಲ್ಲಿದ್ದ ಹದಿನಾಲ್ಕು ಮನೆಯವರೂ ಹಾಗೆಯೇ ಎತ್ತಿಸಿದರು. ಮರುವರ್ಷವೇ ಎಲ್ಲರೂ ಮತ್ತೊಂದು ಕೆಲಸ ಮಾಡಿದರು. ಕಂಬಗಳ ಸುತ್ತ ಹಲಗೆ ಹೊಡೆದು ಕೆಳಗೊಂದು ಕೋಣೆ ಮಾಡಿಕೊಂಡರು. ಸೀಗಡಿ ಹಿಡಿದು ಬದುಕುವ ಜನ ಕೊಕ್ಕರೆಗಳ ಹಾಗೆ ಎಷ್ಟು ದಿನ ಮೇಲೆ ಕೂತಾರು? ಏಡಿ ಬೇಯಿಸುವುದು, ಬಲೆ ಹೊಲಿಯುವುದು, ಇಸ್ಪೀಟು, ಜಗಳ, ಎಲ್ಲವೂ ನೆಲದ ಮೇಲೇ ಆಗಬೇಕು. ಮೇಲಿನ ಮನೆ ಮಲಗುವುದಕ್ಕೆ, ಪಾದ್ರಿಗಳು ಬಂದರೆ ಕೂರಿಸುವುದಕ್ಕೆ.

ಯುಲೀಸ್ ತನ್ನ ಅಜ್ಜನ ದೋಣಿ ಬಿಚ್ಚಿ, ಅದರ ಸೈಪ್ರಸ್ ಮರದ ಹಲಗೆಗಳಿಂದ ಕೆಳಗಿನ ಕೋಣೆ ಕಟ್ಟಿದ್ದ. ಅವನ ತಮ್ಮ ಕ್ಲೋವಿಸ್ ಮೊಳೆ ಹೊಡೆದಿದ್ದ. ಅದು ಮುಗಿದ ಚಳಿಗಾಲದಲ್ಲೇ ಯುಲೀಸ್ ತೀರಿಕೊಂಡ. ಅಂದಿನಿಂದ ಒರೇಲಿ ಅಲ್ಲೇ ಕೂತು ಬಾಯೂವಿನ ಬಲೆಗಳನ್ನೆಲ್ಲ ಹೊಲಿಯುತ್ತಿದ್ದಳು.

ಏಪ್ರಿಲಿನಲ್ಲಿ ಒಂದೇ ವಾರ ಎರಡು ಪತ್ರ ಬಂದವು. ಮೊದಲನೆಯದು ಪ್ರವಾಹ ವಿಮೆಯದು. ಹೊಸ ನಕ್ಷೆ ಬಂದಿದೆ, ನಿಮ್ಮ ಜಾಗದಲ್ಲಿ ನೀರು ಸಮುದ್ರಮಟ್ಟದಿಂದ ಹನ್ನೆರಡು ಅಡಿಯವರೆಗೆ ಏರಬಹುದು, ಹಾಗಾಗಿ ಮುಂದಿನ ವರ್ಷದ ಕಂತು ಮೂರೂವರೆ ಪಟ್ಟು ಎಂದು ಅದರಲ್ಲಿತ್ತು. ಮನೆಯ ಮೇಲೆ ಸಾಲ ಇರುವತನಕ ವಿಮೆ ಬಿಡುವಂತಿಲ್ಲ. ಬಿಟ್ಟರೆ ಬ್ಯಾಂಕಿನವರೇ ಇನ್ನೂ ದುಬಾರಿಯದೊಂದನ್ನು ತಂದು ತಲೆಗೆ ಕಟ್ಟುತ್ತಾರೆ. ಎರಡನೆಯದು ರಾಜ್ಯದ ಕಚೇರಿಯದು. ಮನೆ ನಮಗೆ ಮಾರಿ, ಉತ್ತರಕ್ಕೆ ಅರವತ್ತು ಮೈಲಿ ದೂರದ ಒಣ ನೆಲಕ್ಕೆ ಹೋಗಿ, ಒಪ್ಪಿಗೆಯಿದ್ದರೆ ತಿಂಗಳ ಕೊನೆಯೊಳಗೆ ಸಹಿ ಹಾಕಿ ಎಂದಿತ್ತು. ಅದು ಬರುವ ಹೊತ್ತಿಗೆ ಒಂಬತ್ತು ಮನೆಯವರು ಸಹಿ ಹಾಕಿ ಆಗಿತ್ತು. ಕ್ಲೋವಿಸ್ ಕೂಡ.

ಅವನು ಅತ್ತಿಗೆಯ ಕಾಫಿ ಕುಡಿಯುತ್ತಾ ಅದನ್ನು ಸಮರ್ಥಿಸಿಕೊಂಡ. "ನೂರು ವರ್ಷಕ್ಕೊಂದ್ಸಲ ಬರೋ ನೀರು ಅಂತಾರೆ ಅತ್ತಿಗೆ. ನಾನು ಮೂರು ಸಲ ನೋಡಿದೀನಿ. ಅಲ್ಲಿಗೆ ನನಗೆ ಮುನ್ನೂರು ವರ್ಷ ಆಯ್ತು. ಸಾಕು."

"ನೂರು ವರ್ಷಕ್ಕೊಂದ್ಸಲ ಅಲ್ಲ. ಪ್ರತಿ ವರ್ಷವೂ ಬರೋ ಸಾಧ್ಯತೆ ನೂರರಲ್ಲಿ ಒಂದು ಪಾಲು ಅಂತ ಪತ್ರದಲ್ಲೇ ಬರ್ದಿದ್ದಾರೆ. ನೀನು ಓದ್ಲಿಲ್ಲ."

"ಓದಿದ್ರೆ ನೀರು ಬರೋದು ನಿಲ್ಲತ್ತಾ?"

"ಓದಿದ್ರೆ ನಾಲ್ಕು ಜನ ಹೇಳಿದ್ರು ಅಂತ ಸಹಿ ಹಾಕೋದು ನಿಲ್ಲತ್ತೆ."

ಕ್ಲೋವಿಸ್ ಲೋಟ ಕೆಳಗಿಟ್ಟು ಎದ್ದು ಹೋದ.

ಮೂವತ್ತೆಂಟು ವರ್ಷ ಬಲೆ ಹೊಲಿದವಳಿಗೆ ಒಂದು ವಿಷಯ ಗೊತ್ತಿತ್ತು. ಬಲೆ ಹರಿದರೆ ಇಡೀ ಬಲೆಯನ್ನು ತಬ್ಬಿಕೊಂಡು ಅಳಬಾರದು, ಮೊದಲು ಬಿಚ್ಚಿದ ಗಂಟು ಯಾವುದೆಂದು ಹುಡುಕಬೇಕು. ಅವಳು ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮನೆಯ ಕಾಗದಗಳನ್ನೆಲ್ಲ ಹೊತ್ತು, ಪೇಟೆಯಲ್ಲಿ ವಿಮೆಯ ಕೆಲಸ ಮಾಡುವ ಡಿನೀಸ್ ಎಂಬ ಹೆಂಗಸಿನ ಮುಂದೆ ಹೋಗಿ ಕೂತಳು. ಕಂತು ಕಡಿಮೆ ಮಾಡು ಎಂದು ಕೇಳಲಿಲ್ಲ. ಹನ್ನೊಂದು ಅಡಿ ಎತ್ತಿಸಿದ ಮನೆಗೂ ನೆಲದ ಮೇಲಿನ ಮನೆಗೂ ಒಂದೇ ಕಂತು ಯಾಕೆ, ಯಾವ ಸಾಲಿನಲ್ಲಿ ಹಾಗೆ ಬರೆದಿದೆ, ಬೆರಳಿಟ್ಟು ತೋರಿಸು ಎಂದು ಕೇಳಿದಳು.

ಡಿನೀಸ್ ಹಾಳೆ ತಿರುವಿದಳು. ಸರ್ವೆಯವನು ಬರೆದುಕೊಟ್ಟ ಎತ್ತರದ ಪ್ರಮಾಣಪತ್ರದಲ್ಲಿ 'ಅತ್ಯಂತ ಕೆಳಗಿನ ನೆಲ' ಎಂಬ ಸಾಲಿತ್ತು. ಅದರ ಎದುರು ಸಮುದ್ರಮಟ್ಟದಿಂದ ನಾಲ್ಕು ಅಡಿ ಎಂದಿತ್ತು. ಮೇಲಿನ ಮನೆಯ ನೆಲ ಸಮುದ್ರಮಟ್ಟದಿಂದ ಹದಿನೈದು ಅಡಿ, ನಕ್ಷೆಯ ನೀರಿಗಿಂತ ಮೂರು ಅಡಿ ಮೇಲೆ. ಆದರೆ ಕೆಳಗೆ ಗೋಡೆ ಕಟ್ಟಿದ್ದರಿಂದ ಅದೂ ಒಂದು ಕೋಣೆಯಾಯಿತು, ಕೋಣೆಯಾದ್ದರಿಂದ ಅದರ ನೆಲವೇ ಮನೆಯ ನೆಲವಾಯಿತು.

"ಹೇಳೋಕೆ ಬೇಜಾರಾಗತ್ತೆ ಮಿಸ್ ಒರೇಲಿ," ಎಂದಳು ಡಿನೀಸ್. "ನೀರು ಬಂದ್ರೆ ಆ ಕೋಣೆಗೆ, ಅದರಲ್ಲಿರೋ ಸಾಮಾನಿಗೆ ಹೆಚ್ಚುಕಮ್ಮಿ ಏನೂ ಸಿಗಲ್ಲ. ಆದ್ರೆ ಕಂತು ಮಾತ್ರ ಅದನ್ನ ನೋಡೇ ಲೆಕ್ಕ ಹಾಕೋದು."

ಒರೇಲಿ ಆ ಸಾಲಿನ ಮೇಲೆ ತಾನೇ ಬೆರಳಿಟ್ಟಳು. ಹದಿನಾಲ್ಕು ಮನೆಯವರು ಬೆವರು ಸುರಿಸಿ ಮನೆ ಮೇಲೆತ್ತಿ, ಮರುವರ್ಷ ತಮ್ಮ ಕೈಯಾರೆ ಅದನ್ನು ಕೆಳಗಿಳಿಸಿದ್ದರು.

"ಅಂದ್ರೆ ತಪ್ಪು ಮನೇದಲ್ಲ, ಗೋಡೇದು," ಎಂದಳು.

"ಹೌದು. ಗೋಡೆ ತೆಗೆದ್ರೆ ಹೊಸದಾಗಿ ಅಳೆಸಬಹುದು. ತೆರೆದ ಜಾಲರಿ, ಸೊಳ್ಳೆಪರದೆ ಇದ್ರೆ ಪರವಾಗಿಲ್ಲ. ನೀರು ಆ ಕಡೆಯಿಂದ ಈ ಕಡೆಗೆ ಹೋಗೋ ಹಾಗಿರಬೇಕು ಅಷ್ಟೆ."

ಜಾಲರಿ ಎಂಬ ಮಾತು ಕೇಳಿ ಒರೇಲಿಗೆ ನಗು ಬಂತು. ಅದೊಂದಕ್ಕೆ ಅವಳ ಮನೆಯಲ್ಲಿ ಬರವಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೆಳಗಿನ ಕೋಣೆಯ ಮುಂದೆ ಸುತ್ತಿಗೆ ಹಿಡಿದು ನಿಂತಳು. ಹಲಗೆಯ ಮೇಲೆ ಯುಲೀಸ್ ಪೆನ್ಸಿಲಿನಿಂದ ಬರೆದ ಅಳತೆಗಳು ಇನ್ನೂ ಮಾಸಿರಲಿಲ್ಲ. ಒಂದು ಕಡೆ ಲೆಕ್ಕ ತಪ್ಪಿ ಹೊಡೆದುಹಾಕಿ ಮತ್ತೆ ಬರೆದಿದ್ದ. ಅವಳು ಅದರ ಮೇಲೆ ಕೈಯಾಡಿಸಿ, "ನೀನಿದ್ದಿದ್ರೆ ನೀನೇ ಒಡೀತಿದ್ದೆ," ಎಂದು ಮೊದಲ ಏಟು ಹಾಕಿದಳು.

ಸದ್ದು ಕೇಳಿ ಕ್ಲೋವಿಸ್ ಓಡಿಬಂದ. ಅವನ ಮುಖ ಕೆಂಪಾಗಿತ್ತು. "ಅಣ್ಣ ಕಟ್ಟಿದ್ದು ಅದು. ಆ ಮೊಳೆ ಒಂದೊಂದೂ ನಾನು ಹೊಡೆದಿದ್ದು. ತಲೆ ಕೆಟ್ಟಿದ್ಯಾ ನಿನಗೆ?"

"ಇದು ನಿಂತ್ರೆ ಮನೆ ಹೋಗತ್ತೆ. ನಿನ್ನಣ್ಣ ಮನೆ ಎತ್ತಿಸಿದ್ದು ನಾನಿಲ್ಲಿರಲಿ ಅಂತ, ಈ ಹಲಗೆ ನೋಡ್ಕೊಂಡು ಕೂರಲಿ ಅಂತಲ್ಲ."

"ಎರಡು ಕಾಗದ ಓದಿಬಿಟ್ಟು ದೊಡ್ಡ ಲಾಯರ್ ಆಗ್ಬಿಟ್ಟೆ."

"ನಿನ್ನ ಮೊಳೆ ಗಟ್ಟಿಯಾಗಿದೆ, ಬರ್ತಿಲ್ಲ. ಹೊಡೆದವನೇ ಕಿತ್ತುಕೊಡು, ಇಲ್ಲ ದಾರಿ ಬಿಡು."

ಅವನು ಬೈದುಕೊಂಡೇ ಹೋದ. ಅರ್ಧ ಗಂಟೆ ಬಿಟ್ಟು ಮೊಳೆ ಕೀಳುವ ಹಾರೆ ತಂದ. ಇಬ್ಬರೂ ಮೂರು ದಿನ ಕೆಲಸ ಮಾಡಿದರು. ಹಲಗೆ ಒಂದೂ ಸೀಳದಂತೆ ಅವನು ಬಿಚ್ಚಿದ, ಅವಳು ಒರೆಸಿ ಜೋಡಿಸಿಟ್ಟಳು. ಗೋಡೆಯಿದ್ದ ಕಡೆ ಅವಳು ಹಳೆಯ ಸೀಗಡಿ ಬಲೆಗಳನ್ನು ಕಂಬದಿಂದ ಕಂಬಕ್ಕೆ ಎಳೆದು ಕಟ್ಟಿ, ಒಳಗಡೆಯಿಂದ ಸೊಳ್ಳೆಪರದೆ ಸೇರಿಸಿ ಹೊಲಿದಳು. ಎಷ್ಟೋ ವರ್ಷದ ಮೇಲೆ ಮನೆಯ ಕೆಳಗೆ ಗಾಳಿ ಆಡಿತು. ನೋಡಲು ಬಂದ ನೆರೆಯವರಲ್ಲಿ ಒಬ್ಬ, ಮುದುಕಿ ತನ್ನನ್ನೇ ಬಲೆಗೆ ಹಾಕಿಕೊಂಡಳು ಎಂದು ನಕ್ಕ. ಒರೇಲಿ ಸೂಜಿ ನಿಲ್ಲಿಸದೆ, ನಿನ್ನ ಪ್ರಮಾಣಪತ್ರ ತಂದು ತೋರಿಸು, ಯಾರು ಯಾವುದರಲ್ಲಿ ಸಿಕ್ಕಿಕೊಂಡಿದ್ದಾರೆ ಹೇಳುತ್ತೇನೆ ಎಂದಳು.

ಸರ್ವೆಯವನು ಬಂದು ಮುಕ್ಕಾಲಿಯ ಮೇಲೆ ಯಂತ್ರವಿಟ್ಟು ಅಳೆದ. ಬಲೆಯ ಮೂಲಕ ಕೈ ತೂರಿಸಿ ನೋಡಿದ. ಈ ಸಲ 'ಅತ್ಯಂತ ಕೆಳಗಿನ ನೆಲ' ಎಂಬುದರ ಎದುರು ಹದಿನೈದು ಅಡಿ ಎಂದು ಬರೆದ. ವಾರದೊಳಗೆ ಡಿನೀಸ್ ಫೋನ್ ಮಾಡಿದಳು. ಕಂತು ಹಳೆಯದಕ್ಕಿಂತಲೂ ಕೆಳಗಿಳಿದಿತ್ತು.

ತಿಂಗಳ ಕೊನೆಯ ದಿನ ರಾಜ್ಯದ ಕಚೇರಿಯ ಅಧಿಕಾರಿ ಸಹಿಗೆಂದು ಬಂದ. ಒಳ್ಳೆಯ ಹುಡುಗ, ಬೆವರಿನಲ್ಲಿ ಮಿಂದಿದ್ದ. ಒರೇಲಿ ಅವನನ್ನು ಮನೆಯ ಕೆಳಗೆ ತಂಪಿನಲ್ಲಿ ಕೂರಿಸಿ, ಬೇಯಿಸಿದ ಏಡಿ ಮುಂದಿಟ್ಟಳು. ಕ್ಲೋವಿಸ್ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ಸಹಿ ಹಾಕುವುದಿಲ್ಲ ಎಂದು ಅವಳು ಹೇಳಿದಾಗ ಹುಡುಗ ವಾದಿಸಲಿಲ್ಲ. ನೀರಂತೂ ಬರುತ್ತದೆ, ಅದು ಮಾತ್ರ ಗೊತ್ತಿರಲಿ ಎಂದ.

"ಬರ್ಲಿ ಮಗಾ. ಈ ಕಡೆಯಿಂದ ಬಂದು ಆ ಕಡೆ ಹೋಗ್ಲಿ, ದಾರಿ ಬಿಟ್ಟಿದೀನಿ. ನಾನ್ಯಾಕೆ ಹೋಗ್ಲಿ?"

ಆಮೇಲೆ ಒರೇಲಿ ಇನ್ನೊಂದು ಪ್ರಶ್ನೆ ಕೇಳಿದಳು. ಹುಡುಗ ಎರಡು ಅಡಿ ದೂರದಲ್ಲಿದ್ದರೂ, ದೋಣಿಯಿಂದ ದಡಕ್ಕೆ ಕೂಗುವಷ್ಟು ಗಟ್ಟಿಯಾಗಿ ಕೇಳಿದಳು. "ಈಗಾಗ್ಲೇ ಸಹಿ ಹಾಕಿದೋರು ಮನಸ್ಸು ಬದಲಾಯಿಸಬಹುದಾ?"

"ನೋಂದಣಿ ಆಗೋ ದಿನದವರೆಗೂ ಬದಲಾಯಿಸಬಹುದು ಮೇಡಂ. ಬಲವಂತ ಏನಿಲ್ಲ. ಇಲ್ಲಿ ಯಾರದ್ದೂ ಇನ್ನೂ ನೋಂದಣಿ ಆಗಿಲ್ಲ."

ಒರೇಲಿ ಕ್ಲೋವಿಸ್‌ನ ಕಡೆ ನೋಡಲಿಲ್ಲ. ಹುಡುಗನಿಗೆ ಇನ್ನೊಂದು ಏಡಿ ಮುರಿದು ಕೊಟ್ಟಳು. ಕ್ಲೋವಿಸ್ ಬಾಯೂವಿನ ಆಚೆ ಕಾಣುತ್ತಿದ್ದ ತನ್ನ ಮನೆಯನ್ನು, ಅದರ ಕೆಳಗಿನ ಹಸಿರು ಬಣ್ಣದ ಗೋಡೆಯನ್ನು ತುಂಬಾ ಹೊತ್ತು ನೋಡುತ್ತಾ ನಿಂತ. ಆಮೇಲೆ ಕಂಬದ ಬುಡದಲ್ಲಿ ತಾನು ಬಿಟ್ಟಿದ್ದ ಹಾರೆಯನ್ನು ಎತ್ತಿಕೊಂಡು ಹೆಗಲಿಗಿಟ್ಟ.

"ಬಲೆ ಇನ್ನೂ ಉಳಿದಿದೆಯಾ ಅತ್ತಿಗೆ?" ಎಂದ.