ಜೋಲ್ಚುವಿನ ಎದೆಯ ಮೇಲಿನ ಮೊಹರು

ಎತ್ತರದ ಹುಲ್ಲುಗಾವಲಿನ ಸೋಂಗ್-ಕೋಲ್ ಸರೋವರದ ದಡದಲ್ಲಿ ಜೂನ್ ತಿಂಗಳಲ್ಲೂ ಬೆಳಗಿನ ಹೊತ್ತು ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟುತ್ತದೆ. ಅದನ್ನು ಕಲ್ಲಿನಿಂದ ಒಡೆದು, ಬಕೆಟ್ಟಿಗೆ ನೀರು ತುಂಬಿ, ಪ್ರವಾಸಿ ಕಂಪನಿಯ ಗುಡಾರಗಳ ಹಿಂದೆ ಕೂತು ಅತಿಥಿಗಳು ಉಂಡ ತಟ್ಟೆ ತೊಳೆಯುವುದು ಬುರುಲ್‌ಳ ಕೆಲಸ. ಬೆರಳ ಸಂದಿಗಳೆಲ್ಲ ಸೀಳಿ ರಕ್ತ ಜಿನುಗುತ್ತಿತ್ತು. ಕುರಿಕೊಬ್ಬು ಸವರಿಕೊಂಡು ಮತ್ತೆ ನೀರಿಗೆ ಕೈ ಹಾಕುತ್ತಿದ್ದಳು. ಅದು ಮುಗಿದ ಮೇಲೆ ತನ್ನ ಹೆಣ್ಣುಕುದುರೆಗಳ ಹಾಲು ಕರೆಯಬೇಕು, ಅದನ್ನು ಹುಳಿ ಬರಿಸಿ ಕುಮಿಸ್ ಕಡೆಯಬೇಕು, ಒಣಗಿದ ಸಗಣಿ ಆಯ್ದು ತಂದು ಒಲೆ ಹೊತ್ತಿಸಬೇಕು.

ಗಂಡ ಜೋಲ್ಚು ಇದ್ದಿದ್ದರೆ ಅವಳು ಕಂಪನಿಯ ತಟ್ಟೆ ಮುಟ್ಟುತ್ತಿರಲಿಲ್ಲ. ಅವನು ಅದೇ ಕಂಪನಿಯ ಅತಿಥಿಗಳನ್ನು ಕುದುರೆ ಹತ್ತಿಸಿ ಬೆಟ್ಟ ದಾಟಿಸುತ್ತಿದ್ದವನು. ಹಿಂದಿನ ಸೆಪ್ಟೆಂಬರಿನಲ್ಲಿ ಕಣಿವೆಯ ಮೇಲೆ ಹಿಮದ ಮೋಡ ಕವಿದಿತ್ತು. ಇವತ್ತು ಬೇಡ ಅಂತ ಜೋಲ್ಚು ಹೇಳಿದ. ಅತಿಥಿಗಳಿಗೆ ವಿಮಾನ ತಪ್ಪುತ್ತದೆ, ಹೊರಡು ಅಂತ ಮಾಲೀಕ ಮೆದರ್ ಹೇಳಿದ. ಜೋಲ್ಚು ಹೊರಟ. ಅತಿಥಿಗಳನ್ನೆಲ್ಲ ಸುರಕ್ಷಿತವಾಗಿ ಕೆಳಗಿಳಿಸಿ, ಅವರ ಸಾಮಾನು ಹೊತ್ತು ಹಿಂದೆ ಉಳಿದಿದ್ದ ಕುದುರೆಗಾಗಿ ಮತ್ತೆ ಮೇಲೆ ಹತ್ತಿದ. ಅವನನ್ನು ಹಿಮದಡಿಯಿಂದ ತೆಗೆದದ್ದು ಅವನ ಅಣ್ಣ ಸತಾರ್.

ಬುರುಲ್ ಕೊಚ್ಕೋರ್ ಪಟ್ಟಣದ ಕಂಪನಿ ಕಚೇರಿಗೆ ಪರಿಹಾರ ಕೇಳಲು ಹೋದಾಗ ಮೆದರ್ ಚಹಾ ತರಿಸಿದ. ಬ್ರೆಡ್ಡು ಮುರಿದು ಮುಂದಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಅಕ್ಕಾ, ನಂಗೂ ಸಂಕಟ ಆಗುತ್ತೆ. ಆದ್ರೆ ಜೋಲ್ಚು ಅಣ್ಣ ನಮ್ಮ ಕೆಲಸಗಾರ ಅಲ್ಲ. ಕುದುರೆ ಬಾಡಿಗೆಗೆ ಕೊಡ್ತಿದ್ದ, ಅಷ್ಟೇ. ಕಂಪನಿಗೂ ಅವನಿಗೂ ಸಂಬಂಧ ಇಲ್ಲ."

ಸಂಬಂಧ ಇಲ್ಲದವನ ಹೆಂಡತಿಗೆ ಪರಿಹಾರವೂ ಇಲ್ಲ. ದೊಡ್ಡ ಮನಸ್ಸು ಮಾಡಿ ತಟ್ಟೆ ತೊಳೆಯುವ ಕೆಲಸ ಕೊಟ್ಟ.

ಜೂನ್ ಕೊನೆಯಲ್ಲಿ ಒಬ್ಬ ಅತಿಥಿ ಹೆಂಗಸು ತಟ್ಟೆಗಳ ಹತ್ತಿರ ಬಂದಳು. ರಷ್ಯನ್ ಮಾತಾಡುವವಳು. ಫೋನು ಚಾಚಿ, ಇವರು ಎಲ್ಲಿದ್ದಾರೆ, ಇವರ ಜೊತೆ ಕುದುರೆ ಸವಾರಿ ಮಾಡಬೇಕು ಅಂತಲೇ ಇಷ್ಟು ದೂರ ಬಂದೆವು ಅಂದಳು.

ಫೋನಿನಲ್ಲಿ ಜೋಲ್ಚು ಇದ್ದ. ಹಿಂದೆ ಸರೋವರ, ಕೆಳಗೆ ಬೂದು ಕುದುರೆ, ತಲೆಯ ಮೇಲೆ ಬಿಳೀ ಉಣ್ಣೆಯ ಟೋಪಿ. ಬಾಯ್ತುಂಬ ನಗುತ್ತಿದ್ದ. ಆ ಫೋಟೋ ತೆಗೆದವಳು ಬುರುಲ್. ಅವಳು ಫೋನನ್ನು ತಲೆಕೆಳಗಾಗಿ ಹಿಡಿದದ್ದು ನೋಡಿ ಅವನು ನಕ್ಕಿದ್ದ. ಜೀವಮಾನದಲ್ಲಿ ಫೋಟೋಗೆ ಹಲ್ಲು ತೋರಿಸಿದ್ದು ಅದೊಂದೇ ಸಲ. ಅವಳು ಅದನ್ನು ಊರಿನ ನಂಟರು ನೋಡಲಿ ಅಂತ ಜಾಲತಾಣದ ತನ್ನ ಪುಟದಲ್ಲಿ ಹಾಕಿದ್ದಳು.

ಈಗ ಅವನ ಎದೆಯ ಮೇಲೆ, ಒಂದು ಹೆಗಲಿನಿಂದ ಇನ್ನೊಂದು ಹೆಗಲಿನವರೆಗೆ, ಕಂಪನಿಯ ಲೋಗೋ ಕೂತಿತ್ತು. ನೀಲಿ ವೃತ್ತ, ಅದರೊಳಗೆ ಕಾಡುಮೇಕೆಯ ಕೊಂಬು. ಪಕ್ಕದಲ್ಲಿ ಕಂಪನಿಯ ಹೆಸರು, ಫೋನ್ ನಂಬರು. ಕೆಳಗೆ, ನಮ್ಮ ಜೋಲ್ಚು ನಿಮಗಾಗಿ ಕಾಯುತ್ತಿದ್ದಾನೆ ಅಂತ ಬರೆದಿತ್ತು.

ಬುರುಲ್ ಲಂಗಕ್ಕೆ ಕೈ ಒರೆಸಿಕೊಂಡಳು.

"ಕೆಳಗೆ, ಊರಲ್ಲಿದ್ದಾನೆ," ಅಂದಳು.

ಹೆಂಗಸು ಖುಷಿಯಿಂದ ಹೋದಳು. ಬುರುಲ್ ಸ್ವಲ್ಪ ಹೊತ್ತು ಒಂದೇ ತಟ್ಟೆಯನ್ನು ಉಜ್ಜುತ್ತಾ ಕೂತಳು.

ಅವತ್ತೇ ಅವಳು ಜೊತೆಗಿದ್ದ ಸೊಸೆಯ ಫೋನಿನಿಂದ ತನ್ನ ಪುಟ ತೆರೆದಳು. ಆ ಕಂಪನಿಯ ಫೋಟೋ ನಂಬಬೇಡಿ, ಇವನು ನನ್ನ ಗಂಡ, ಸತ್ತು ಹೋಗಿದ್ದಾನೆ, ಈ ಚಿತ್ರ ತೆಗೆದವಳು ನಾನು ಅಂತ ಬರೆದು ಲೋಗೋ ಇಲ್ಲದ ಫೋಟೋವನ್ನು ಮತ್ತೆ ಹಾಕಿದಳು. ಊರಿನವರೆಲ್ಲ ಹಂಚಿಕೊಂಡರು. ವಾರ ಕಳೆಯುವುದರೊಳಗೆ ಪುಟವೇ ಇರಲಿಲ್ಲ, ಹಂಚಿಕೊಂಡದ್ದೂ ಅದರ ಜೊತೆಗೇ ಅಳಿಸಿ ಹೋಗಿತ್ತು. ಬೇರೆಯವರ ಸ್ವತ್ತನ್ನು ಕದ್ದು ಹಾಕಿದ್ದೀರಿ ಎಂದು ಕಂಪನಿಯಿಂದ ದೂರು ಬಂದಿದೆ, ಆದ್ದರಿಂದ ಮುಚ್ಚಿದ್ದೇವೆ ಅಂತ ಎರಡು ಸಾಲು ಬಂದಿತ್ತು. ಅವಳ ಹಳೇ ಫೋನು ಚಳಿಗಾಲದಲ್ಲೇ ಕೆಟ್ಟು ಬಿದ್ದಿತ್ತು. ಇದ್ದಬದ್ದ ಚಿತ್ರಗಳೆಲ್ಲ ಆ ಪುಟದಲ್ಲೇ ಇದ್ದವು. ಎಲ್ಲ ಹೋದವು. ಜಗತ್ತಿನಲ್ಲಿ ಈಗ ಜೋಲ್ಚುವಿನ ನಗು ಉಳಿದದ್ದು ಕಂಪನಿಯ ಲೋಗೋದ ಜೊತೆಗೆ ಮಾತ್ರ.

ಅವನು ಸತ್ತು ವರ್ಷ ತುಂಬುತ್ತಾ ಬಂತು. ವರ್ಷದ ಊಟ ಹಾಕಬೇಕು, ಸಮಾಧಿಗೆ ಕಲ್ಲು ನಿಲ್ಲಿಸಬೇಕು. ಊರಿನ ಸ್ಮಶಾನದಲ್ಲಿ ಎಲ್ಲರ ಕಪ್ಪುಕಲ್ಲಿನ ಮೇಲೂ ಅವರವರ ಮುಖ ಕೆತ್ತಿರುತ್ತದೆ. ಕೆತ್ತುವವನು ಕೊಚ್ಕೋರಿನ ತುರಾತ್. ಅವನು ಆ ಫೋಟೋ ನೋಡಿ ಕಿವಿ ಕೆರೆದುಕೊಂಡ. ಲೋಗೋದ ಅಡಿಯಲ್ಲಿ ಏನಿದೆಯೋ ತನಗೆ ಕಾಣುವುದಿಲ್ಲ, ಅಂಗಿ, ಗುಂಡಿ, ಲಗಾಮು ಹಿಡಿದ ಕೈ ಎಲ್ಲ ತಾನೇ ಊಹಿಸಿ ಕೆತ್ತಬೇಕಾಗುತ್ತದೆ, ಹಾಗೆ ಮಾಡಿದರೆ ಅದು ಅರ್ಧ ಜೋಲ್ಚು, ಅರ್ಧ ಇನ್ಯಾರೋ ಆಗುತ್ತಾನೆ ಅಂದ.

ಬುರುಲ್ ಮತ್ತೆ ಕಚೇರಿಗೆ ಹೋದಳು. ಈ ಸಲ ಸತಾರನೂ ಜೊತೆಗಿದ್ದ.

"ಸ್ವಚ್ಛವಾಗಿರೋ ಫೋಟೋ ಇದೆ ಅಕ್ಕಾ," ಅಂದ ಮೆದರ್. "ಕೊಡೋಕೆ ನಂದೇನು ಅಭ್ಯಂತರ ಇಲ್ಲ. ಆದ್ರೆ ನೀನೊಂದು ಮಾತು ವಿಡಿಯೋದಲ್ಲಿ ಹೇಳ್ಬೇಕು. ಫೋಟೋ ಕಂಪನಿದು, ನಾನು ಅವತ್ತು ದುಃಖದಲ್ಲಿ ಏನೇನೋ ಬರೆದೆ ಅಂತ."

"ತೆಗೆದವಳು ನಾನಲ್ವಾ?"

"ತೆಗೆದಿದ್ದಕ್ಕೆ ಗುರುತೇನಿದೆ? ನಮ್ಮದಕ್ಕೆ ಗುರುತಿದೆ. ನೋಡಿದ ತಕ್ಷಣ ಗೊತ್ತಾಗುತ್ತೆ ಯಾರದ್ದು ಅಂತ."

ಸತಾರ್ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಮೆದರ್, ನಿಮ್ಮಪ್ಪನೂ ಕುದುರೆ ಸಾಕಿದವನೇ. ನನ್ನ ಕುದುರೆಮರಿಗೆ ಒಬ್ಬ ರಾತ್ರೋರಾತ್ರಿ ಬಂದು ತನ್ನ ಗುರುತಿನ ಬರೆ ಹಾಕಿ, ಬೆಳಿಗ್ಗೆ ಇದು ನಂದು, ನೋಡು ಗುರುತು ಅಂದ್ರೆ, ಹುಲ್ಲುಗಾವಲಲ್ಲಿ ಅಂಥವನಿಗೆ ಏನಂತಾರೆ?"

ಮೆದರ್ ನಕ್ಕುಬಿಟ್ಟ. ಕಾಲ ಬದಲಾಗಿದೆ, ಕುದುರೆ ಬೇರೆ ಫೋಟೋ ಬೇರೆ ಅಂತ ಏನೋ ಹೇಳಿದ. ಸತಾರ್ ಟೋಪಿ ತಲೆಗೆ ಹಾಕಿಕೊಂಡ.

ಬುರುಲ್ ಎದ್ದಳು. ವಿಡಿಯೋ ಆಗಲ್ಲ ಅಂದಳು. ಹಾದಿಯುದ್ದಕ್ಕೂ ಸತಾರ್ ಕಂಪನಿಯನ್ನು ಬೈಯುತ್ತಾ ಬಂದ. ಮುಖ ಇಲ್ಲದ ಕಲ್ಲು ನಿಲ್ಲಿಸೋಣವೇ ಅಂತ ಬುರುಲ್ ಒಮ್ಮೆ ಯೋಚಿಸಿದಳು. ಹಾಗೆ ನಿಲ್ಲಿಸಿದರೆ ಅಲ್ಲಿಯೂ ಅವನು ಯಾರೂ ಅಲ್ಲದವನಾಗುತ್ತಾನೆ. ಹಿಮದಲ್ಲಿ ಸತ್ತಾಗ ಕಂಪನಿಯ ಆಳಲ್ಲ. ಫೋಟೋದಲ್ಲಿ ನಕ್ಕಾಗ ಅವರ ಆಳು. ಎರಡೂ ಮಾತು ಒಂದೇ ಬಾಯಿಯವು. ಅಷ್ಟು ಹೊತ್ತಿಗೆ ತುರಾತನ ಅಂಗಡಿ ಬಂತು. ಅವಳು ಒಳಗೆ ಹೋದಳು.

"ಇದ್ದ ಹಾಗೇ ಕೆತ್ತು," ಅಂದಳು.

ತುರಾತನಿಗೆ ಅರ್ಥವಾಗಲಿಲ್ಲ.

"ಲೋಗೋ ಸಮೇತ. ಕೊಂಬು, ಹೆಸರು, ಫೋನ್ ನಂಬರು. ಒಂದು ಅಂಕಿಯೂ ಬಿಡ್ಬೇಡ."

"ಸಮಾಧಿ ಕಲ್ಲಿನ ಮೇಲಾ? ಜನ ಏನಂತಾರೆ ಅಕ್ಕಾ?"

"ಜನ ಕೇಳ್ಲಿ ಅಂತಲೇ."

ಊರಿನ ಮೌಲ್ವಿ ಗೊಣಗಿದರು. ಸೊಸೆ ಅತ್ತಳು; ಮಾವನ ಎದೆಗೆ ಅಂಗಡಿ ಬೋರ್ಡು ಹಾಕಿದ ಹಾಗಾಯಿತು ಅಂದಳು. ಬುರುಲ್ ಕಲ್ಲು ನೋಡಲು ಹೋದಳು. ತುರಾತ್ ಕೆಲಸದಲ್ಲಿ ಮೋಸ ಮಾಡಿರಲಿಲ್ಲ. ಕಣ್ಣಂಚಿನ ಸುಕ್ಕು ಕೂಡ ಬಂದಿತ್ತು. ಅವಳು ಕಲ್ಲಿನ ಕೆನ್ನೆ ಮುಟ್ಟಿದಳು, ಎದೆ ಮುಟ್ಟಲಿಲ್ಲ.

ಕಲ್ಲು ನಿಂತದ್ದು ರಸ್ತೆಯ ಪಕ್ಕ. ಸೋಂಗ್-ಕೋಲ್‌ಗೆ ಹತ್ತುವ ಜೀಪುಗಳೆಲ್ಲ ಸ್ಮಶಾನದ ಬೇಲಿ ಸವರಿಕೊಂಡೇ ಹೋಗಬೇಕು. ವರ್ಷದ ಊಟದ ದಿನ ಕುದುರೆ ಕಡಿದು ಬೇಯಿಸಿದರು, ಹಿಟ್ಟಿನ ತುಂಡುಗಳ ಬೋರ್ಸೋಕ್ ಕರಿದರು. ಹುಲ್ಲುಗಾವಲಿನವರೆಲ್ಲ ಬಂದರು. ಕಂಪನಿಗೆ ಕುದುರೆ ಕೊಡುವ ಗಂಡಸರು ಒಬ್ಬೊಬ್ಬರಾಗಿ ಕಲ್ಲಿನ ಮುಂದೆ ಹೋಗಿ ನಿಂತರು. ಒಬ್ಬ ತನ್ನ ಫೋನು ತೆಗೆದು ನೋಡಿದ. ಅವನ ಚಿತ್ರವೂ ಕಂಪನಿಯ ಪುಟದಲ್ಲಿತ್ತು, ಅವನ ಎದೆಯ ಮೇಲೂ ಅದೇ ಕೊಂಬು. ನಾಳೆ ನಾನು ಬಿದ್ದರೆ ನಾನೂ ಅವರವನಲ್ಲ ತಾನೆ ಅಂತ ಮೆಲ್ಲಗೆ ಅಂದ. ಇನ್ನೊಬ್ಬನೂ ತನ್ನದನ್ನು ಹುಡುಕಿದ. ಆಮೇಲೆ ಎಲ್ಲರೂ ಹುಡುಕಿದರು.

ಮರುದಿನದಿಂದ ಕಂಪನಿಗೆ ಕುದುರೆ ಹೋಗಲಿಲ್ಲ. ಯಾರೂ ಕೂಗಾಡಲಿಲ್ಲ, ಬಾವುಟ ಹಿಡಿಯಲಿಲ್ಲ. ಕುದುರೆ ಕುಂಟುತ್ತಿದೆ ಅಂದರು, ಲಾಳ ಬಿದ್ದಿದೆ ಅಂದರು. ಕಾರಣ ಕೇಳಿದವರಿಗೆ ಕಲ್ಲು ನೋಡಿ ಬನ್ನಿ ಅಂದರು. ದಾರಿಹೋಕರು ಕಲ್ಲಿನ ಮೇಲಿನ ನಂಬರಿಗೆ ಫೋನು ಮಾಡಿ, ಈ ಸತ್ತವರು ನಿಮ್ಮವರಾ, ಹೇಗೆ ಸತ್ತರು ಅಂತ ಕೇಳತೊಡಗಿದರು.

ಮೆದರ್ ಕಾರಿನಲ್ಲಿ ಬಂದ. ಬುರುಲ್ ಸಮಾಧಿಯ ಸುತ್ತ ಹುಲ್ಲು ಕೀಳುತ್ತಿದ್ದಳು.

"ಅಕ್ಕಾ, ಇದನ್ನು ಅಳಿಸ್ಬೇಕು. ಖರ್ಚು ನಂದು."

"ಗುರುತು ನಿಮ್ಮದಲ್ವಾ? ನೋಡಿದ ತಕ್ಷಣ ಗೊತ್ತಾಗುತ್ತೆ ಅಂದ್ರಿ."

"ನಮ್ಮ ಅನುಮತಿ ಇಲ್ದೆ ನಮ್ಮ ಲೋಗೋ ಬಳಸಿದೀಯ. ಕೋರ್ಟಿಗೆ ಹೋಗ್ತೀನಿ."

"ಹೋಗಿ. ಅಲ್ಲೂ ಕೇಳ್ತಾರೆ, ಆ ಕಲ್ಲಿನ ಅಡಿ ಮಲಗಿರೋನು ಯಾರು ಅಂತ."

ಮೆದರ್ ದನಿ ತಗ್ಗಿಸಿದ. ಸ್ವಚ್ಛವಾದ ಫೋಟೋ ಕೊಡುತ್ತೇನೆ, ವಿಡಿಯೋ ಬೇಡ, ಹೊಸ ಕಲ್ಲನ್ನೂ ತಾನೇ ನಿಲ್ಲಿಸುತ್ತೇನೆ ಅಂದ. ಬುರುಲ್ ಮೊಣಕಾಲು ಹಿಡಿದುಕೊಂಡು ಎದ್ದಳು. ಆ ಫೋಟೋ ಅವಳಿಗೆ ಬೇಕಿತ್ತು.

"ಮೊದ್ಲು ಅವನು ನಿಮ್ಮ ಆಳಾಗಿದ್ದ ಅಂತ ಹೇಳಿ," ಅಂದಳು. "ನಂಗೆ ಅಲ್ಲ. ಎಲ್ರ ಮುಂದೆ."

ಅಷ್ಟರಲ್ಲಿ ಬೇಲಿಯ ಹತ್ತಿರ ಒಂದು ಜೀಪು ನಿಂತಿತು. ಅತಿಥಿಗಳು ಇಳಿದರು. ಒಬ್ಬ ವಯಸ್ಸಾದವನು ಕಲ್ಲಿನ ಮೇಲಿನ ಮುಖವನ್ನು ಗುರುತು ಹಿಡಿದ. ಇದೇ ಚಿತ್ರ ನೋಡಿಯೇ ನಾವು ಹೊರಟು ಬಂದದ್ದು ಅಂತ ಜೊತೆಯವರಿಗೆ ತೋರಿಸಿದ. ಟೋಪಿ ತೆಗೆದು, ಇವರು ಹೇಗೆ ತೀರಿಕೊಂಡರು ಅಂತ ಬುರುಲ್‌ಳನ್ನು ಕೇಳಿದ. ಅವಳು ಮೆದರ್ ಕಡೆ ಕೈ ತೋರಿಸಿದಳು.

"ಮಾಲೀಕರು ಇಲ್ಲೇ ಇದ್ದಾರೆ. ಇವರನ್ನೇ ಕೇಳಿ."

ಮುದುಕ ತಿರುಗಿದ.

"ಇವರು ನಿಮ್ಮ ಕೆಲಸಗಾರರಾ?"

ಮೆದರ್ ರಸ್ತೆಯ ಕಡೆ ನೋಡಿದ. ಅಲ್ಲಿ ಸತಾರ್ ಕುದುರೆಯಿಂದ ಇಳಿಯುತ್ತಿದ್ದ. ಅವನ ಹಿಂದೆ ಕಂಪನಿಗೆ ಕುದುರೆ ಕೊಡುತ್ತಿದ್ದವರೂ ಒಬ್ಬೊಬ್ಬರಾಗಿ ಇಳಿದು, ಲಗಾಮುಗಳನ್ನು ಬೇಲಿಗೆ ಕಟ್ಟಿ, ಬಂದು ನಿಂತರು. ಉತ್ತರ ಬರುವವರೆಗೂ ಕಾಯಬಲ್ಲವರು, ಅವರಿಗೆ ಅವಸರವೇನೂ ಇರಲಿಲ್ಲ.