‘ಅನ್ನಿ’ ಅಂದಿದ್ದೆ ನಾನು

ಯಾರದೋ ದನಿ, ಬಸ್ಸಿನ ಹಿಂದಿನ ಸೀಟಿನಿಂದ, ಮೂಗು ಕಟ್ಟಿದ ಹಾಗಿದೆ, ನೆಗಡಿ ಇರಬೇಕು ಪಾಪ ಅವಳಿಗೆ, ಅಂದುಕೊಳ್ಳುವಷ್ಟರಲ್ಲಿ ಆ ಹೆಂಗಸು ಸಾಮಾನಿನ ಚೀಲ ಇಲ್ದೆ ಬರಿಗೈಲಿ ಮನೆಗೆ ಬಂದ್ರು ಅನ್ನುತ್ತಾಳೆ, ಅದು ನನ್ನ ದನಿ, ನೆಗಡಿ ನನಗೇ ಆಗಿತ್ತು, ಹೋದ ತಿಂಗಳು, ಆ ಕ್ಯಾಮೆರಾದ ಎದುರು ಕೂತಾಗ — ತಿರುಗಿ ನೋಡಬಾರದು, ತಿರುಗಿದರೆ ಮುಖವೇ ಹೇಳಿಬಿಡುತ್ತದೆ, ಕಿಟಕಿಗೆ ಹಣೆ ಒತ್ತಿಕೊಂಡು ಹೊರಗೆ ನೋಡು, ಗೋಡೆ ತುಂಬ ಚುನಾವಣೆಯ ಪೋಸ್ಟರು, ಒಬ್ಬನ ಎರಡು ಕಣ್ಣಿಗೂ ದಾಳ ಅಂಟಿಸಿದ್ದಾರೆ, ಪಕ್ಕದಲ್ಲೇ ಇನ್ನೊಬ್ಬನ ಬಾಯಿ ತುಂಬ ಇಸ್ಪೀಟು ಎಲೆ, ಈ ಸಲ ರಾಜ್ಯದಲ್ಲಿ ರಸ್ತೆ, ನೀರು ಯಾರಿಗೂ ಬೇಡ, ಆನ್‌ಲೈನ್ ಜೂಜೊಂದೇ ಮಾತು, ನೀನು ತಂದಿದ್ದು, ನೀನು ಬಿಟ್ಟಿದ್ದು. ಹಿಂದೆ ಇಬ್ಬರು ಗಂಡಸರು, ಲೈಸೆನ್ಸ್ ಕೊಟ್ಟೋರೇ ಇವ್ರು ಕಣಯ್ಯಾ ಅಂತ ಒಬ್ಬ, ನಿಷೇಧದ ಕಾಯ್ದೆನ ಕಪಾಟಲ್ಲಿಟ್ಟು ಬೀಗ ಹಾಕಿದ್ದು ಯಾರು ಮತ್ತೆ, ನಿಮ್ಮೋರಲ್ವಾ, ಅಂತ ಇನ್ನೊಬ್ಬ, ಅದಿರ್ಲಿ ಬಿಡು, ಈ ಹೆಂಗಸಿನ ಗತಿ ನೋಡು, ಗಂಡನ್ನೇ ಕಳ್ಕೊಂಡಿದ್ದಾಳೆ — ಏನು, ಏನು ಕಳೆದುಕೊಂಡಿದ್ದಾಳೆ? ಫೋನಿನಲ್ಲಿ ಆ ವಿಡಿಯೋ ಮತ್ತೆ ಹಾಕಿದ ಪುಣ್ಯಾತ್ಮ, ಈ ಸಲ ಜೋರಾಗಿ, ಆ ವರ್ಷ ನನ್ನ ಗಂಡ ಸತ್ತೇ ಹೋದ್ರು, ಆಮೇಲೆ ಢಂ ಎಂದು ಒಂದು ಸದ್ದು, ಗಡಸು ಗಂಡು ದನಿ, ಈ ಸಾವಿಗೆ ಹೊಣೆ ಯಾರು, ಜೂಜಿನ ಸರಕಾರವನ್ನು ಮನೆಗೆ ಕಳಿಸಿ. ಇಲ್ಲ, ನಾನು ಹಾಗೆ ಹೇಳಲಿಲ್ಲ, ಸತ್ತೇ ಹೋದ್ರು ಅನ್ನಿ, ಅಂದಿದ್ದೆ, ಸತ್ತೇ ಹೋದ್ರು ಅನ್ನಿ, ಈಗ ಎದ್ದು ಕೂತಿದ್ದಾರೆ, ಕೆಲಸಕ್ಕೂ ಹೋಗ್ತಿದ್ದಾರೆ — ಆ ಒಂದು ‘ಅನ್ನಿ’ಯಲ್ಲಿ ನನ್ನ ಗಂಡನ ಪ್ರಾಣ ಇತ್ತು, ಕಚಕ್ಕನೆ ಕತ್ತರಿಸಿ ಎಸೆದಿದ್ದಾರೆ.

ಅಂಗಡಿಯ ಬೀಗಕ್ಕೆ ಕೀಲಿ ಕೂರುತ್ತಿಲ್ಲ, ತಿರುಗಿಸಿ ಹಾಕಿದೆ, ಕೂತಿತು, ಒಳಗೆ ಸಾಲು ಸಾಲು ಕನ್ನಡಕಗಳು, ಕಣ್ಣೇ ಇಲ್ಲದೆ ನನ್ನನ್ನು ನೋಡುತ್ತಿವೆ, ಇವಕ್ಕೂ ಗೊತ್ತಾಗಿದೆಯೇನೋ. ನನ್ನನ್ನು ಕ್ಯಾಮೆರಾದ ಎದುರು ಕೂರಿಸಿದ ಆ ಹುಡುಗಿ ಬಂದದ್ದೂ ಇಲ್ಲಿಗೇ, ಕೆಂಪು ಫ್ರೇಮು ಬೇಕು ಅಂತ, ಹಿಂದಿನ ಕತ್ತಲೆ ಕೋಣೆಯಲ್ಲಿ ಕೂರಿಸಿ ಒಂದೊಂದೇ ಗಾಜು ಬದಲಿಸುತ್ತ ಹೀಗೆ ಚೆನ್ನಾಗಿ ಕಾಣತ್ತಾ, ಹೀಗಾ, ಅಂತ ಕೇಳುತ್ತಿದ್ದೆ, ಅಕ್ಕಾ ನಿಮ್ಮ ದನೀಲಿ ಏನೋ ಇದೆ, ಅಂದಳು, ಕೇಳ್ತಾನೇ ಇರೋಣ ಅನ್ಸತ್ತೆ. ಹೊಗಳಿಕೆಗೆ ಕರಗದವರು ಯಾರು. ಕತ್ತಲೆಯಲ್ಲಿ ಮಾತು ಸಲೀಸು, ನಿಮ್ಮ ಮನೇವ್ರು ಏನು ಮಾಡ್ತಾರೆ ಅಂದಳು, ಲಿಫ್ಟ್ ರಿಪೇರಿ ಅಂದೆ, ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಡುವೆ ಒಂದು ವರ್ಷ ಕೆಲಸ ಇರ್ಲಿಲ್ಲ, ಫೋನಿನ ಆಟಕ್ಕೆ ಬಿದ್ದಿದ್ರು, ಅಂದುಬಿಟ್ಟೆ, ಅದುವರೆಗೆ ತವರಿನಲ್ಲೂ ಬಾಯಿ ಬಿಟ್ಟವಳಲ್ಲ, ಯಾರೂ ಕೇಳಿಯೂ ಇರಲಿಲ್ಲ, ಕೇಳಿದವರೆಲ್ಲ ಅವನು ಹೇಗಿದಾನೆ ಅಂತ ಕೇಳಿದರೇ ಹೊರತು ನೀನು ಹೇಗಿದ್ದೀಯ ಅಂತ ಒಬ್ಬರೂ ಕೇಳಲಿಲ್ಲ, ಆ ಕೆಂಪು ಫ್ರೇಮು ಕೇಳಿತು. ಮುಖ ಮಸುಕು ಮಾಡ್ತೀವಿ, ದನೀನೂ ಬದಲಾಯಿಸ್ತೀವಿ, ನಿಮ್ಮಂಥ ಇನ್ನೊಬ್ಬಳು ಉಳ್ಕೊಂಡ್ರೆ ಪುಣ್ಯ ಅಲ್ವಾ ಅಕ್ಕಾ. ಹೇಳಿದೆ, ಎಲ್ಲವನ್ನೂ, ರಿಪೇರಿ ಸಾಮಾನಿನ ಚೀಲವೂ ಆಟಕ್ಕೆ ಹೋದದ್ದನ್ನೂ, ಅವರು ಬಾಗಿಲು ತೆಗೆದ್ರು, ಇವರು ಬಂದು ಬಾಗಿಲು ಹಾಕಲಿಲ್ಲ, ಎರಡು ಪಕ್ಷದೋರೂ ನಮ್ಮ ಪಾಲಿಗೆ ಒಂದೇ, ಅಂತಲೂ ಹೇಳಿದೆ, ಅದು ಎಲ್ಲಿ ಹೋಯಿತು, ಎರಡು ಪಕ್ಷದಲ್ಲಿ ಒಂದು ಮಾಯ, ಇಬ್ಬರಲ್ಲಿ ನನ್ನ ಗಂಡ ಮಾಯ.

ಈಗ ಅವಳಿಗೇ ಫೋನು ಮಾಡಿದೆ, ಎತ್ತಿದ್ದಾಳೆ, ಹಿಂದೆ ಗದ್ದಲ, ಮೈಕು ಕಿರುಗುಟ್ಟುವ ಸದ್ದು, ಅಕ್ಕಾ ನೋಡಿದ್ರಾ, ಎಲ್ಲಾ ಕಡೆ ನಿಮ್ಮದೇ ಓಡ್ತಿದೆ, ನಮ್ಮ ಯಜಮಾನ್ರು ಬದುಕಿದ್ದಾರಮ್ಮಾ, ಅಂದೆ, ಗೊತ್ತು ಅಕ್ಕಾ, ಅದು ಮಾತಿನ ಭಾವ, ಭಾವಕ್ಕೇನೂ ಧಕ್ಕೆ ಆಗಿಲ್ಲ, ಭಾವ ಅಲ್ಲಮ್ಮಾ ಬೆಳಿಗ್ಗೆ ಬುತ್ತಿ ಕಟ್ಟಿ ಕಳಿಸಿದ್ದೀನಿ, ಅಂದೆ, ಅವಳು ದನಿ ತಗ್ಗಿಸಿ, ಮತದಾನ ಆಗೋವರೆಗೆ ಅವರನ್ನ ಸ್ವಲ್ಪ ಒಳಗೇ ಇಟ್ಕೋಳಕ್ಕೆ ಆಗತ್ತಾ, ಅಂತ ಕೇಳಿದಳು. ಒಳಗೇ ಇಟ್ಕೋಬೇಕಂತೆ, ಉಪ್ಪಿನಕಾಯಿಯೇ ಅವರು, ಗಂಡನನ್ನು ಜಾಡಿಗೆ ಹಾಕಿ ಮುಚ್ಚಳ ಬಿಗಿಯಲೇ. ನಗು ಬಂತು, ನಗುವಿನ ಬಾಲ ಹಿಡಿದು ಅಳುವೂ ಬಂತು, ಅಷ್ಟರಲ್ಲಿ ಗಿರಾಕಿ, ಮೇಷ್ಟರಂಥ ಮುದುಕರು, ಕತ್ತಲೆ ಕೋಣೆಯಲ್ಲಿ ಗದ್ದ ಇಟ್ಟು ಕೂತರು, ಹೀಗೆ ಚೆನ್ನಾಗಿ ಕಾಣತ್ತಾ, ಹೀಗಾ, ಅವರು ಅಕ್ಷರ ಬಿಟ್ಟು ನನ್ನತ್ತ ತಿರುಗಿದರು, ತಾಯಿ, ನಿಮ್ಮ ದನಿ ಎಲ್ಲೋ ಕೇಳಿದಂಗಿದೆ, ಟೀವಿಯಲ್ಲಿ ಆ ವಿಧವೆ — ಗಾಜು ಬೆರಳಿನಿಂದ ಜಾರಿತು, ಆ ಕಡೆ ಪಕ್ಷದೋರು ಅವಳನ್ನ ಹುಡುಕ್ತಿದ್ದಾರಂತೆ, ಅವಳು ಕೂಲಿ ಕೊಟ್ಟು ತಂದ ನಟಿ ಅಂತ ಸಾಬೀತು ಮಾಡ್ತಾರಂತೆ, ಮುದುಕರು ಹೇಳುತ್ತಲೇ ಇದ್ದಾರೆ, ನಾನು ಮಾತಾಡಿದರೆ ಸಿಕ್ಕಿಬಿದ್ದೆ, ಗಾಜು ಬದಲಿಸುತ್ತೇನೆ, ಕೇಳುವುದನ್ನು ಕೈಸನ್ನೆಯಲ್ಲೇ ಕೇಳುತ್ತೇನೆ, ಕತ್ತಲೆಯಲ್ಲಿ ಕೈಸನ್ನೆ ಯಾರಿಗೆ ಕಾಣಬೇಕು. ಮುದುಕರನ್ನು ಕಳಿಸುವಷ್ಟರಲ್ಲಿ ಮತ್ತೆ ಫೋನು, ನಾದಿನಿ, ಅತ್ತಿಗೇ ನೀವೇನಾ ಅದು, ಅಮ್ಮ ಟೀವಿ ಮುಂದೆ ಕೂತು ಎದೆ ಬಡ್ಕೋತಿದ್ದಾರೆ, ಬೆಳಿಗ್ಗೆ ತಾನೆ ಅಣ್ಣ ಫೋನ್ ಮಾಡಿದ್ನಲ್ಲಮ್ಮಾ ಅಂದ್ರೆ ಕೇಳಲ್ಲ, ಟೀವಿಯೋರು ಸುಳ್ಳು ಹೇಳ್ತಾರೇನೇ ಅಂತಾರೆ, ಅತ್ತಿಗೆ, ಅಣ್ಣಂಗೆ ಗೊತ್ತಾ? ಅಣ್ಣನಿಗೆ ಗೊತ್ತಿಲ್ಲ. ಅಣ್ಣನಿಗೆ ಹೇಳದೆ ಹೋಗಿದ್ದೆ. ಆಗ ತಾನೆ ಬಂದ ಅಂಗಡಿಯ ಮಾಲೀಕರಿಗೆ ತಲೆನೋವು ಅಂದು ಹೊರಬಿದ್ದೆ.

ನಡೆ, ಬೇಗ ನಡೆ, ಸೇತುವೆ ದಾಟಿದರೆ ನಮ್ಮನೆಯವರು ಇವತ್ತು ಕೆಲಸಕ್ಕಿರುವ ಕಚೇರಿ ಕಟ್ಟಡ, ಅವರ ಫೋನು ಹೋಗುತ್ತಿಲ್ಲ, ಲಿಫ್ಟಿನ ಬಾವಿಯೊಳಗಿದ್ದರೆ ಸಿಗ್ನಲ್ ಸಿಗುವುದಿಲ್ಲ, ಬಾವಿ ಅಂತಲೇ ಅನ್ನುತ್ತಾರೆ ಅವರು, ಇವತ್ತು ಬಾವಿಗಿಳೀಬೇಕು ಇವಳೇ, ಬುತ್ತಿ ಗಟ್ಟಿ ಕಟ್ಟು. ಸುದ್ದಿಗಿಂತ ಮೊದಲು ನಾನು ಮುಟ್ಟಬೇಕು. ಅವರ ಬಳಿ ಇರುವುದು ಗುಂಡಿ ಒತ್ತುವ ಫೋನು, ಅದರಲ್ಲಿ ಏನೂ ಬರುವುದಿಲ್ಲ, ಒಳ್ಳೆ ಫೋನನ್ನು ಒಂದು ದಿನ ಅವರೇ ನನ್ನ ಕೈಗಿಟ್ಟು ಇದನ್ನ ನೀನಿಟ್ಕೋ, ನಾನು ಕೇಳಿದ್ರೂ ಕೊಡಬೇಡ ಅಂದಿದ್ದರು, ಕೇಳಲೇ ಇಲ್ಲ, ಎಷ್ಟೋ ಸಲ ತಡಬಡಿಸಿ ಎದ್ದದ್ದುಂಟು, ಬೆವೆತದ್ದುಂಟು, ಕೇಳಲಿಲ್ಲ. ಆದರೆ ಆ ಹೆಬ್ಬೆರಳು. ಕೈಯಲ್ಲಿ ಫೋನಿಲ್ಲದಾಗಲೂ ಅದು ಆಡುತ್ತಿತ್ತು, ಊಟಕ್ಕೆ ಕೂತರೆ ತಟ್ಟೆಯ ಅಂಚಿನ ಮೇಲೆ, ಮೇಲಕ್ಕೆ ತಳ್ಳು, ಒತ್ತು, ಮೇಲಕ್ಕೆ ತಳ್ಳು, ಒತ್ತು, ಮಗಳನ್ನು ಮಲಗಿಸುವಾಗ ಅವಳ ಬೆನ್ನ ಮೇಲೆ, ಅಪ್ಪಾ ಕಚಗುಳಿ ಅಂತ ಮಗು ನಗುತ್ತಿತ್ತು, ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ. ಅದಕ್ಕೂ ಮೊದಲು ಒಮ್ಮೆ ಆ ಕೈಯಿಂದ ಫೋನು ಕಿತ್ತುಕೊಳ್ಳಲು ಹೋಗಿ ನನ್ನ ಬಳೆ ಒಡೆದು ಅವರ ಮಣಿಕಟ್ಟು ಕುಯ್ದಿತ್ತು, ರಕ್ತ ಸುರಿಯುತ್ತಿತ್ತು, ಅವರ ಕಣ್ಣು ಮಾತ್ರ ನೆಲದ ಮೇಲೆ ಬಿದ್ದ ಫೋನಿನ ಬೆಳಕಿನ ಮೇಲೆ, ಅವತ್ತೇ ನಾನು ತೀರ್ಮಾನಿಸಿದೆ, ಇವರು ಸತ್ತೇ ಹೋದರು ಅಂತ — ಅನ್ನಿ, ಅನ್ನಿ, ಅನ್ನಿ, ಎಷ್ಟು ಸಲ ಅಂದರೆ ಅಂಟುತ್ತದೆ ಅದು ಮತ್ತೆ. ಸೇತುವೆಯ ಕಂಬದಲ್ಲೂ ಧ್ವನಿವರ್ಧಕ ಕಟ್ಟಿದ್ದಾರೆ, ಅಲ್ಲಿಂದಲೂ ನಾನೇ, ನೆಗಡಿಯ ದನಿಯಲ್ಲಿ, ಊರಿಗೆಲ್ಲ ಕೇಳುವ ಹಾಗೆ ಗಂಡನನ್ನು ಕೊಲ್ಲುತ್ತಿದ್ದೇನೆ, ಕೆಳಗೆ ನೀರು ತಣ್ಣಗೆ ಹರಿಯುತ್ತಿದೆ, ಅದಕ್ಕೇನು, ಅದಕ್ಕೆ ಮತ ಇಲ್ಲ.

ಕಟ್ಟಡದ ಒಳಗೆ ತಂಪು, ಲಿಫ್ಟಿನ ಬಾಗಿಲು ಅರ್ಧ ತೆರೆದಿದೆ, ಕೆಲಸ ನಡೆಯುತ್ತಿದೆ ಅನ್ನುವ ಹಲಗೆ ಅಡ್ಡ ಇದೆ, ಮೆಟ್ಟಿಲ ಮೇಲೆ ಗ್ರೀಸು ಮೆತ್ತಿದ ಅಂಗಿಯಲ್ಲಿ ಅವರು, ಪಕ್ಕದಲ್ಲಿ ಕಾವಲುಗಾರ, ಇಬ್ಬರ ತಲೆಯೂ ಒಂದೇ ಕಡೆ ಬಾಗಿದೆ, ಸಾಮಾನಿನ ಚೀಲ ಇಲ್ದೆ ಬರಿಗೈಲಿ ಮನೆಗೆ ಬಂದ್ರು, ನನ್ನ ದನಿ ನನಗಿಂತ ಮೊದಲು ಬಂದು ಮುಟ್ಟಿದೆ. ಹೊರಗೆ ಕಾರು ಹಾರನ್ ಹೊಡೆಯಿತು, ಕಾವಲುಗಾರ ಗೇಟಿನತ್ತ ಓಡಿದ, ಅವನ ಫೋನು ಅವರ ಕೈಯಲ್ಲೇ ಉಳಿಯಿತು. ತಲೆ ಎತ್ತಿದರು. ಬೈಯುತ್ತಾರೆ, ಬೈಯಲಿ, ಎದ್ದು ಹೋಗುತ್ತಾರೆ, ಹೋಗಲಿ, ಇಲ್ಲ, ಹೋಗಬಾರದು — ಬಾ ಇವಳೇ, ಅಂದರು, ನಾನು ಸತ್ತೋಗಿದ್ದೀನಂತೆ, ಗೊತ್ತಾ ನಿಂಗೆ? ತುಟಿ ನಗುತ್ತಿದೆ, ಕಣ್ಣು ನಗುತ್ತಿಲ್ಲ. ಅನ್ನಿ ಅಂದಿದ್ದೆ ರೀ, ಅಂದೆ, ಸತ್ತೇ ಹೋದ್ರು ಅನ್ನಿ, ಅಂದಿದ್ದೆ. ಗೊತ್ತು, ಅಂದರು, ಹೋದ್ರು ಅಂದ್ಮೇಲೂ ನಿನ್ನ ಉಸಿರು ಇನ್ನೂ ಮುಗಿದಿರಲಿಲ್ಲ, ಏನೋ ಹೇಳೋದಿತ್ತು ಅಂತ ಮೊದಲನೇ ಸಲವೇ ಗೊತ್ತಾಯ್ತು. ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಯಾಕೆ ಹೇಳ್ದೆ ಅವರ ಹತ್ರ, ಅಂದರು, ದನಿ ಏರಿಸದೆ, ಅವಳು ಕೇಳಿದ್ಲು, ಅಂದೆ. ನಾನು ಕೇಳ್ಬೇಕಿತ್ತು, ಅಂದರು. ಫೋನಿನೊಳಗೆ ಗಡಸು ದನಿ ಜೂಜಿನ ಸರಕಾರವನ್ನು ಮನೆಗೆ ಕಳಿಸಿ ಮುಗಿಯಿತು, ತನ್ನ ಪಾಡಿಗೆ ಮುಂದಿನ ಜಾಹೀರಾತು ಬಂತು, ಬಣ್ಣದ ಚಕ್ರ, ನಾಣ್ಯ ಸುರಿಯುವ ಸದ್ದು, ಜಿಂಗ್ ಜಿಂಗ್ ಜಿಂಗ್, ಸಕ್ಕರೆಯಂಥ ಹೆಣ್ಣು ದನಿ, ಬನ್ನಿ, ಮೊದಲ ಆಟ ಉಚಿತ, ಇಲ್ಲಿ ಒತ್ತಿ — ಕಿತ್ತುಕೋ, ಅನ್ನುತ್ತಿದೆ ಮೈಯೆಲ್ಲ, ಕಿತ್ತುಕೋ, ಬೇಡ, ಕಿತ್ತುಕೊಂಡರೆ ನಾಳೆ ಇನ್ನೊಬ್ಬ ಕಾವಲುಗಾರ, ಇನ್ನೊಂದು ಫೋನು, ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದೇನೆ, ಚಕ್ರದ ಬೆಳಕು ಅವರ ಗದ್ದಕ್ಕೆ ಬಡಿಯುತ್ತಿದೆ, ಕೆಂಪು, ಹಸಿರು, ಕೆಂಪು, ಅವರು ನನ್ನತ್ತ ನೋಡುತ್ತಿಲ್ಲ, ನಾನೂ ಅವರ ಮುಖ ನೋಡುತ್ತಿಲ್ಲ, ನೋಡುತ್ತಿರುವುದು ಹೆಬ್ಬೆರಳನ್ನು, ಉಗುರ ಸಂದಿಯಲ್ಲಿ ಗ್ರೀಸಿನ ಕಪ್ಪು, ಫೋನಿನ ಗಾಜಿನಿಂದ ಒಂದು ಕೂದಲೆಳೆ ಮೇಲೆ, ಇಳಿಯುತ್ತಿಲ್ಲ, ದೂರ ಸರಿಯುತ್ತಲೂ ಇಲ್ಲ, ಹೆಬ್ಬೆರಳು, ಗಾಳಿಯಲ್ಲಿ, ಆ ಹೆಬ್ಬೆರಳು